ಸೈಕಲ್ ಹತ್ತಲು ಒಂದು ಕಲ್ಲು

ನಮ್ಮ ಬೀದಿಯ ಮೂಲೆಯಲ್ಲಿ ತಳ್ಳುಗಾಡಿಯ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡಿರುವ ಗೋವಿಂದಪ್ಪನವರು ಮಾತು ಕಡಿಮೆ ಆಡುವ ಮನುಷ್ಯ. ಆದರೆ ಹದಿನೈದು ವರ್ಷದಿಂದ ನಮ್ಮ ಮನೆಯ ಬಟ್ಟೆ ನೋಡುತ್ತಿರುವುದರಿಂದ ನಮ್ಮ ವಿಷಯ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ಯಜಮಾನರಿಗೆ ಹೊಟ್ಟೆ ಬರುತ್ತಿದೆ ಎಂದು ಮೊದಲು ಕಂಡುಕೊಂಡವರೂ ಅವರೇ. ಪ್ಯಾಂಟಿನ ಸೊಂಟ ಬಿಚ್ಚಿ ಹೊಲಿಸಿದ ಗುರುತು ಇಸ್ತ್ರಿಯ ಕೆಳಗೆ ಮುಚ್ಚಿಡಲು ಆಗುವುದಿಲ್ಲ ನೋಡಿ.

ಮೊನ್ನೆ ಅವರು ನನ್ನ ಚೂಡಿದಾರದ ಪ್ಯಾಂಟೊಂದನ್ನು ಎತ್ತಿ ಹಿಡಿದು, ಬಲಗಾಲಿನ ತುದಿಯಲ್ಲಿದ್ದ ಕಪ್ಪು ಕಲೆ ತೋರಿಸಿದರು. ಎಲ್ಲ ಪ್ಯಾಂಟಿನಲ್ಲೂ ಇದೇ ಕಲೆ, ಅದೂ ಬಲಗಾಲಿಗೇ ಯಾಕೆ ಎಂದು ಕೇಳಿದರು. ಸೈಕಲ್ ಚೈನಿನ ಗ್ರೀಸು ಎಂದೆ. ಮಗನ ಸೈಕಲ್ಲಾ ಎಂದರು. ಅಲ್ಲ, ನನ್ನದೇ ಎಂದೆ. ಗೋವಿಂದಪ್ಪ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಮತ್ತೆ ಪೆಟ್ಟಿಗೆ ಕೈಗೆತ್ತಿಕೊಂಡರು. ಐವತ್ತಮೂರು ವರ್ಷದ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವ, ಹೈಸ್ಕೂಲು ಮೇಡಂ ಒಬ್ಬಳ ಬಗ್ಗೆ ಅವರಾದರೂ ಏನು ಹೇಳಿಯಾರು?

ಆ ಕಲೆಯ ಹಿಂದೆ ಒಂದು ಸುಳ್ಳಿದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಹೇಳಿಬಿಡುತ್ತೇನೆ.

ನಾನು ದೊಡ್ಡಬಳ್ಳಾಪುರದ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರದಿಂದ ಸೈಕಲ್ ಬರುತ್ತಿದ್ದ ವರ್ಷಗಳಲ್ಲಿ ಅವನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಹೆಸರು ಕರೆದು ಹಂಚುವ ಕೆಲಸ ನನ್ನ ಪಾಲಿಗೇ ಬೀಳುತ್ತಿತ್ತು. ಸೀಟಿನ ಪ್ಲಾಸ್ಟಿಕ್ ಕೀಳಬೇಡಿ, ಒಬ್ಬರನ್ನು ಹಿಂದೆ ಇನ್ನೊಬ್ಬರನ್ನು ಮುಂದೆ ಕೂರಿಸಿಕೊಳ್ಳಬೇಡಿ, ಗಂಟೆ ಸುಮ್ಮನೆ ಬಾರಿಸಬೇಡಿ ಎಂದು ಹೇಳುವವಳೂ ನಾನೇ. ಮರುದಿನ ತರಗತಿಯಲ್ಲಿ ಅದೇ ಸೈಕಲ್ಲಿನ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಬರೆದು, ಗುರುತ್ವ ಕೇಂದ್ರ ಎಲ್ಲಿರುತ್ತದೆ, ಓಡುವ ಸೈಕಲ್ ಬೀಳುವುದಿಲ್ಲ, ನಿಂತ ಸೈಕಲ್ ಯಾಕೆ ಬೀಳುತ್ತದೆ, ಬ್ರೇಕಿನಲ್ಲಿ ಘರ್ಷಣೆ ಏನು ಮಾಡುತ್ತದೆ ಎಂದು ಪಾಠ ಮಾಡುತ್ತಿದ್ದೆ. ಚೆನ್ನಾಗಿಯೇ ಮಾಡುತ್ತಿದ್ದೆ. ಒಂದೇ ಕೊರತೆ ಎಂದರೆ ನನಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ.

ಯಾಕೆ ಬರುತ್ತಿರಲಿಲ್ಲ ಎಂದರೆ ದೊಡ್ಡ ಕಥೆಯೇನಿಲ್ಲ. ನಾನು ಹುಟ್ಟಿ ಬೆಳೆದದ್ದು ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ. ಅಲ್ಲಿ ಸಂತೆ ಬೀದಿಯ ಸೈಕಲ್ ಅಂಗಡಿಯಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಕೊಡುತ್ತಿದ್ದರು. ನಮ್ಮಣ್ಣ ಒಂದು ಗಂಟೆಗೆ ತರುತ್ತಿದ್ದ. ಅವನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ಕಂಬಿಗಳ ತ್ರಿಕೋನದ ಒಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಿದ್ದ. ಹಿಂದೆ ಕ್ಯಾರಿಯರ್ ಹಿಡಿದು ಓಡುತ್ತಿದ್ದವಳು ನಾನು. ಮುಕ್ಕಾಲು ಗಂಟೆ ಅವನದು, ಕಾಲು ಗಂಟೆ ನನ್ನದು ಎಂದು ಮೊದಲೇ ಒಪ್ಪಂದವಾಗಿರುತ್ತಿತ್ತು. ನನಗೆ ಯಾರೂ ಬೇಡ ಅನ್ನಲಿಲ್ಲ. ಅಪ್ಪ ಬೈಯಲಿಲ್ಲ, ಅಮ್ಮ ತಡೆಯಲಿಲ್ಲ. ಪ್ರತಿ ಸಲವೂ ಗಂಟೆ ಮುಗಿದುಹೋಗುತ್ತಿತ್ತು, ಅಷ್ಟೆ. ಹೀಗೆ ಗಂಟೆ ಮುಗಿಯುತ್ತಾ ಮುಗಿಯುತ್ತಾ ನಾನು ಲಂಗದಿಂದ ಸೀರೆಗೆ ಬಂದೆ, ಬಿ.ಎಡ್. ಮಾಡಿದೆ, ಮದುವೆಯಾದೆ, ಮೇಡಂ ಆದೆ.

ಇರಲಿ, ಸುಳ್ಳಿನ ವಿಷಯಕ್ಕೆ ಬರುತ್ತೇನೆ. ಸುಮಾರು ಹದಿನಾರು ವರ್ಷದ ಹಿಂದಿನ ಮಾತು. ಆ ವರ್ಷದ ಎಂಟನೇ ತರಗತಿಯಲ್ಲಿ ಚೈತ್ರ ಎಂಬ ಹುಡುಗಿಯಿದ್ದಳು. ಮಾಕಳಿ ಬೆಟ್ಟದ ಕಡೆಯ ಹಳ್ಳಿಯವಳು, ದಿನಾ ನಾಲ್ಕು ಕಿಲೋಮೀಟರ್ ನಡೆದು ಬರುತ್ತಿದ್ದಳು. ಸೈಕಲ್ ಹಂಚಿದ ಮರುದಿನ ನಾನು ಹಲಗೆಯ ಮೇಲೆ ಚಕ್ರ ಬರೆಯುತ್ತಿರುವಾಗ ಅವಳು ಎದ್ದು ನಿಂತು, ಮಿಸ್, ನಿಮಗೆ ಸೈಕಲ್ ಹೊಡೆಯೋಕೆ ಬರುತ್ತಾ ಎಂದು ಕೇಳಿದಳು. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಆ ನಗು ಕಿವಿಗೆ ಬಿದ್ದದ್ದೇ ನನ್ನ ಬಾಯಿಂದ, ಬರದೆ ಏನು, ನಿಮ್ಮ ವಯಸ್ಸಲ್ಲಿ ಊರೆಲ್ಲ ಸುತ್ತುತ್ತಿದ್ದೆ ಎಂಬ ಮಾತು ಹೊರಬಿತ್ತು. ಚೈತ್ರ ಕುಳಿತಳು. ಪಾಠ ಮುಂದುವರಿಯಿತು. ಅಂಥ ಸುಳ್ಳುಗಳನ್ನು ಮೇಷ್ಟ್ರುಗಳು ವರ್ಷಕ್ಕೆ ಎಷ್ಟು ಹೇಳುತ್ತಾರೋ, ಎಲ್ಲ ಸಂಜೆಯ ಗಂಟೆಯ ಜೊತೆ ಮನೆಗೆ ಹೋಗಿಬಿಡುತ್ತವೆ ಎಂದುಕೊಂಡಿದ್ದೆ.

ಹೋದ ವರ್ಷ ಡಾಕ್ಟರು ಸಕ್ಕರೆ ಪರೀಕ್ಷೆ ಮಾಡಿಸಿ ಎಂದರು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಲ್ಯಾಬಿಗೆ ಹೋದೆ. ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ, ನರ ಹುಡುಕಿ, ಸೂಜಿ ಚುಚ್ಚಿದ ಹುಡುಗಿ ಮಾಸ್ಕಿನ ಹಿಂದಿನಿಂದ, "ಮಿಸ್, ನೀವು ಇನ್ನೂ ಸೈಕಲ್ ಹೊಡೀತೀರಾ?" ಎಂದಳು.

ಚೈತ್ರ. ಸೂಜಿ ನನ್ನ ನರದಲ್ಲಿತ್ತು, ಎದ್ದು ಓಡುವ ಹಾಗಿರಲಿಲ್ಲ. ಬಿಟ್ಟು ಬಹಳ ವರ್ಷ ಆಯ್ತು ಕಣಮ್ಮ ಎಂದೆ. ಅಲ್ಲಿಗೆ ಸುಳ್ಳು ಎರಡಾಯಿತು. ಒಮ್ಮೆ ಕಲಿತದ್ದು ಮರೆಯೋದಿಲ್ಲ ಮಿಸ್ ಎಂದು ಅವಳು ಹತ್ತಿ ಒತ್ತುತ್ತಾ ತನ್ನ ವಿಷಯ ಹೇಳಿದಳು. ಊರಿನ ಹತ್ತು ಹನ್ನೆರಡು ಜನ ಸೇರಿ ಒಂದು ಸೈಕಲ್ ಬಳಗ ಮಾಡಿಕೊಂಡಿದ್ದಾರೆ. ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಬಸ್ ಸ್ಟ್ಯಾಂಡ್ ಹತ್ತಿರ ಸೇರುವುದು, ಒಂದಿಪ್ಪತ್ತು ಕಿಲೋಮೀಟರ್ ಸುತ್ತುವುದು, ಎಲ್ಲಾದರೂ ಇಡ್ಲಿ ತಿಂದು ಮನೆಗೆ ಬರುವುದು. ರೇಸಿಲ್ಲ, ಗೆಲ್ಲುವವರಿಲ್ಲ. ಮುಂದೆ ಹೋದವರು ತಿರುವಿನಲ್ಲಿ ನಿಂತು ಕಾಯಬೇಕು, ಹಿಂದುಳಿದವರ ಹಿಂದೆ ಒಬ್ಬರು ಇದ್ದೇ ಇರಬೇಕು ಎನ್ನುವುದೊಂದೇ ನಿಯಮ. ನೀವು ಬರಲೇಬೇಕು ಎಂದು ಅಲ್ಲೇ ನನ್ನ ನಂಬರನ್ನು ವಾಟ್ಸಾಪ್ ಗುಂಪಿಗೆ ಸೇರಿಸಿದಳು. ನಾನು ಮನೆ ಮುಟ್ಟುವಷ್ಟರಲ್ಲಿ ಹನ್ನೊಂದು ಜನ ನನಗೆ ಸ್ವಾಗತ ಕೋರಿ ಕೈಮುಗಿಯುವ ಚಿತ್ರ ಕಳಿಸಿದ್ದರು. ಮಂಡಿ ನೋವು, ನಾದಿನಿಯ ಗೃಹಪ್ರವೇಶ, ಪರೀಕ್ಷೆಯ ಪೇಪರು ಎಂದು ಒಂದಾದ ಮೇಲೊಂದು ನೆಪ ಹೇಳುತ್ತಾ ಎರಡು ತಿಂಗಳು ತಳ್ಳಿದೆ.

ಆ ಎರಡು ತಿಂಗಳಲ್ಲಿ ಸೈಕಲ್ ಕಲಿತೆ.

ಯಜಮಾನರಿಗೆ ಎಲ್ಲ ಹೇಳಿದಾಗ ಅವರು ನಗುತ್ತಾರೆಂದು ಕಾದಿದ್ದೆ, ನಗಲಿಲ್ಲ. ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಅವರು ಹನ್ನೆರಡು ವರ್ಷ ಸೈಕಲ್ಲಿನಲ್ಲೇ ಶಿಫ್ಟಿಗೆ ಹೋದವರು. ಮಡಚಿದ ಪೇಪರನ್ನು ಪಕ್ಕಕ್ಕಿಟ್ಟು, ನಾಳೆ ಐದೂವರೆಗೆ ಏಳು ಎಂದಷ್ಟೇ ಹೇಳಿದರು. ಪಕ್ಕದ ಮನೆಯ ಮಗಳ ಲೇಡೀಸ್ ಸೈಕಲ್ ಕೇಳಿ ತಂದರು. ಊರಾಚೆ ಹೊಸದಾಗಿ ಆಗಿರುವ ಒಂದು ಲೇಔಟಿಗೆ ಹೋದೆವು. ನಿಮಗೂ ಗೊತ್ತಲ್ಲ, ಈಗ ನಮ್ಮ ಕಡೆ ಎಲ್ಲಿ ನೋಡಿದರೂ ಅವೇ. ಒಳ್ಳೆ ಟಾರು ರಸ್ತೆ, ದೀಪದ ಕಂಬ, ಸೈಟಿನ ಮೂಲೆಗಳಿಗೆ ಬಿಳಿ ಬಣ್ಣದ ಕಲ್ಲು, ಗೇಟಿನ ಮೇಲೆ ದೊಡ್ಡ ಹೆಸರು. ಮನೆ ಮಾತ್ರ ಒಂದೂ ಇಲ್ಲ. ಬೀಳುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಕ್ಕದು.

ಬಿದ್ದೆ. ಎಡಕ್ಕೂ ಬಿದ್ದೆ, ಬಲಕ್ಕೂ ಬಿದ್ದೆ. ಯಜಮಾನರು ಕ್ಯಾರಿಯರ್ ಹಿಡಿದು ಹಿಂದೆ ಓಡಿ, ಏದುಸಿರು ಬಿಡುತ್ತಾ, ಮುಂದೆ ನೋಡು, ನೆಲ ನೋಡಬೇಡ ಎನ್ನುತ್ತಿದ್ದರು. ಒಂದು ದಿನ ಸೈಟು ತೋರಿಸಲು ಗಿರಾಕಿಯನ್ನು ಕರೆತಂದಿದ್ದ ಬ್ರೋಕರ್ ಒಬ್ಬ ನಮ್ಮನ್ನು ಕಂಡು ಬೈಕ್ ನಿಲ್ಲಿಸಿ, ಸಾರ್, ಮೂವತ್ತು ನಲವತ್ತರ ಸೈಟೋ, ಕಾರ್ನರೋ, ಯಾವುದು ನೋಡ್ತಿದ್ದೀರ ಎಂದು ಕೇಳಿದ. ಆಗ ನಾನು ಹ್ಯಾಂಡಲ್ ತಿರುಗಿಸಲಾಗದೆ ನೇರ ಅವನ ಬೈಕಿನ ಕಡೆಗೇ ಹೋಗುತ್ತಿದ್ದೆ. ಚಲಿಸುವ ವಸ್ತು ಚಲಿಸುತ್ತಲೇ ಇರುತ್ತದೆ ಎಂದು ಇಪ್ಪತ್ತೈದು ವರ್ಷ ಪಾಠ ಮಾಡಿದ್ದರೂ ಅದು ನಿಜವಾಗಿ ಅರ್ಥವಾದದ್ದು ಆವತ್ತು. ಬ್ರೋಕರ್ ಹಾರಿ ತಪ್ಪಿಸಿಕೊಂಡ. ಗಿರಾಕಿ ಮತ್ತೆ ಆ ಲೇಔಟಿಗೆ ಬಂದನೋ ಇಲ್ಲವೋ ಗೊತ್ತಿಲ್ಲ.

ಐದನೇ ವಾರದಲ್ಲಿ ಯಜಮಾನರು ಕೈ ಬಿಟ್ಟದ್ದು ನನಗೆ ತಿಳಿಯಲಿಲ್ಲ. ಲೇಔಟಿನ ಕೊನೆಯ ಅಡ್ಡರಸ್ತೆಯವರೆಗೆ ಹೋಗಿ, ಅವರ ಉಸಿರಿನ ಸದ್ದು ಇಲ್ಲವಲ್ಲ ಎಂದು ತಿರುಗಿ ನೋಡಿ, ಆಮೇಲೆ ಬಿದ್ದೆ. ಅವರು ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅಷ್ಟು ದೂರಕ್ಕೂ ಅವರ ಮುಖದ ಸಂತೋಷ ಕಾಣುತ್ತಿತ್ತು.

ಒಂದು ಸಮಸ್ಯೆ ಮಾತ್ರ ಉಳಿಯಿತು. ನನಗೆ ನೆಲದಿಂದ ಸೈಕಲ್ ಹತ್ತಲು ಬರುತ್ತಿರಲಿಲ್ಲ. ಸೈಟಿನ ಬಿಳಿ ಕಲ್ಲಿನ ಮೇಲೆ ಎಡಗಾಲಿಟ್ಟು, ಸೀಟಿನ ಮೇಲೆ ಕುಳಿತು, ಕಲ್ಲನ್ನು ಒದ್ದು ಹೊರಟರೆ ಹೋಗುತ್ತಿದ್ದೆ. ಕಲ್ಲಿಲ್ಲದಿದ್ದರೆ ಇಲ್ಲ. ಅದೇನು ಮಹಾ, ಕರ್ನಾಟಕದಲ್ಲಿ ಕಲ್ಲಿಗೆ ಬರವೇ ಎಂದು ಹೊಸದೊಂದು ಸೈಕಲ್ ಕೊಂಡು ಒಂದು ಭಾನುವಾರ ಬಳಗಕ್ಕೆ ಹೋಗಿಯೇಬಿಟ್ಟೆ.

ಬಸ್ ಸ್ಟ್ಯಾಂಡ್ ಹತ್ತಿರ ಫುಟ್‌ಪಾತ್ ಇತ್ತು, ಸುಲಭವಾಗಿ ಹತ್ತಿದೆ. ಗೇರ್ ಸೈಕಲ್ಲಿನ ಹುಡುಗರು, ಹೆಲ್ಮೆಟ್ ಹಾಕಿದ ಬ್ಯಾಂಕಿನವರು, ಎಲ್ಲರೂ ನನ್ನನ್ನು ಮಿಸ್ ಎಂದೇ ಕರೆದರು. ಚೈತ್ರ ಎಲ್ಲರಿಗೂ, ನಮ್ಮ ಮಿಸ್ ಚಿಕ್ಕಂದಿನಲ್ಲೇ ಊರೆಲ್ಲ ಸುತ್ತಿದವರು ಎಂದು ಹೇಳಿಟ್ಟಿದ್ದಳು. ಹಿಂದುಳಿದವರನ್ನು ನೋಡಿಕೊಳ್ಳುವ ಕೆಲಸ ಸೈಕಲ್ ಅಂಗಡಿಯ ಬಾಷಾ ಅವರದು. ಅರವತ್ತು ದಾಟಿದ ಮನುಷ್ಯ, ಕ್ಯಾರಿಯರಿಗೆ ಪಂಪು ಕಟ್ಟಿಕೊಂಡು ನಿಧಾನವಾಗಿ ಬರುತ್ತಿದ್ದರು. ಗೌರಿಬಿದನೂರು ರಸ್ತೆ ಹಿಡಿದೆವು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ರಾಗಿ ಹೊಲದ ಮೇಲೆ, ಹೂವಿನ ತೋಟದ ಮೇಲೆ ತೆಳುವಾಗಿ ನಿಂತಿತ್ತು. ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೇನೋ ಆ ದಾರಿಯಲ್ಲಿ, ಆದರೆ ಅಲ್ಲೆಲ್ಲ ಸೇವಂತಿಗೆಯ ವಾಸನೆ ಇರುತ್ತದೆ ಎಂದು ಆವತ್ತೇ ತಿಳಿದದ್ದು. ಮಾಕಳಿ ಬೆಟ್ಟ ಮುಂದೆ ಬಂದು ನಿಂತಾಗ ನನಗೆ ಹಾಡಬೇಕೆನ್ನಿಸಿತು. ಉಸಿರಿದ್ದರೆ ಹಾಡುತ್ತಿದ್ದೆನೇನೋ.

ಒಂದು ಸಣ್ಣ ಏರಿನಲ್ಲಿ ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯಿತು. ಹೆದರಿ ಇಳಿದುಬಿಟ್ಟೆ. ಲಾರಿ ಹೋಯಿತು, ಮುಂದಿದ್ದವರೂ ಏರು ದಾಟಿ ಕಾಣದಾದರು. ಹತ್ತೋಣವೆಂದು ನೋಡಿದರೆ ಕಲ್ಲಿಲ್ಲ. ರಸ್ತೆಯ ಪಕ್ಕ ಸಪಾಟು ಮಣ್ಣು, ಆಮೇಲೆ ಮೊಣಕಾಲೆತ್ತರದ ಹುಲ್ಲು. ಸೈಕಲ್ ತಳ್ಳಿಕೊಂಡು ನಡೆದೆ. ಬಾಷಾ ನನ್ನ ಹಿಂದೆ, ಏನನ್ನೂ ಕೇಳದೆ, ತಾವೂ ಇಳಿದು ತಳ್ಳಿಕೊಂಡು ಬಂದರು. ಹೀಗೆ ಇಬ್ಬರೂ ಮೆರವಣಿಗೆ ಹೋಗುತ್ತಿರುವಾಗ ಚೈತ್ರ ವಾಪಸು ಬಂದು, ಪಂಚರಾ ಮಿಸ್ ಎಂದು ಕೇಳಿದಳು.

"ಅಲ್ಲ ಕಣೇ, ಕಲ್ಲು ಹುಡುಕ್ತಿದ್ದೀನಿ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಹೇಗೆ ಅರ್ಥವಾದೀತು? ಅಲ್ಲೇ ರಸ್ತೆಯ ಪಕ್ಕದಲ್ಲಿ ನಿಂತು ಎಲ್ಲ ಹೇಳಿದೆ. ಚಿಕ್ಕಂದಿನಲ್ಲಿ ಕಲಿಯಲೇ ಇಲ್ಲ, ಆವತ್ತು ತರಗತಿಯಲ್ಲಿ ಹೇಳಿದ್ದು ಸುಳ್ಳು, ಲ್ಯಾಬಿನಲ್ಲಿ ಹೇಳಿದ್ದೂ ಸುಳ್ಳು, ಕಲಿತು ಹದಿನೈದು ದಿನ ಆಯಿತು ಎಂದೆ. ಬಾಷಾ, ಅದು ಬಸ್ ಸ್ಟ್ಯಾಂಡಲ್ಲೇ ನನಗೆ ಗೊತ್ತಾಯ್ತು ಬಿಡಿ ಎಂದು ನಕ್ಕರು. ಚೈತ್ರ ನಗಲಿಲ್ಲ. ಹ್ಯಾಂಡಲಿನ ಮೇಲಿದ್ದ ತನ್ನ ಕೈಗಳನ್ನೇ ನೋಡುತ್ತಿದ್ದಳು.

"ನಾನು ಅಪ್ಪನ ಮುಂದೆ ಅಮ್ಮನಾಣೆ ಮಾಡಿದ್ದೆ ಮಿಸ್," ಎಂದಳು.

ಆಮೇಲೆ ಅವಳು ಹೇಳಿದ್ದು ಇಷ್ಟು. ಸೈಕಲ್ ಮನೆಗೆ ತಂದ ದಿನ ಅವಳ ಅಪ್ಪ, ವಯಸ್ಸಿಗೆ ಬರುವ ಹುಡುಗಿ ರಸ್ತೆಯಲ್ಲಿ ಸೈಕಲ್ ಹೊಡೆಯುವುದು ಬೇಡ, ದೊಡ್ಡಪ್ಪನ ಮಗನಿಗೆ ಕೊಟ್ಟುಬಿಡೋಣ ಎಂದಿದ್ದರಂತೆ. ಮರುದಿನ ಅವಳು ನನ್ನನ್ನು ಆ ಪ್ರಶ್ನೆ ಕೇಳಿದ್ದು ಅದಕ್ಕೆ. ಸಂಜೆ ಹೋಗಿ, ನಮ್ಮ ಮೇಡಂ ಕೂಡ ಈ ವಯಸ್ಸಲ್ಲಿ ಹೊಡೀತಿದ್ರಂತೆ ಎಂದಳು. ಅಪ್ಪ ನಂಬಲಿಲ್ಲ. ಅಮ್ಮನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಸೈಕಲ್ ಅವಳ ಹತ್ತಿರವೇ ಉಳಿಯಿತು. ಅದರಲ್ಲೇ ಅವಳು ಹೈಸ್ಕೂಲು ಮುಗಿಸಿದಳು, ದೊಡ್ಡಬಳ್ಳಾಪುರದ ಕಾಲೇಜಿಗೂ ಅದರಲ್ಲೇ ಹೋದಳು.

ಇಷ್ಟು ಹೇಳಿ ಚೈತ್ರ ಸೈಕಲ್ ಹತ್ತಿ ಹೊರಟುಹೋದಳು. ವಾಪಸು ಹೋಗುತ್ತೇನೆ ಎಂದು ಬಾಷಾರಿಗೆ ಹೇಳಿದೆ. ಅವರು ಸುಮ್ಮನೆ ಬಂದು ನನ್ನ ಸೈಕಲ್ಲಿನ ಹಿಂಭಾಗ ಹಿಡಿದು, ಹತ್ತಿ ಮೇಡಂ, ಅಲ್ಲಿ ಕಾಯ್ತಿರ್ತಾರೆ, ನಮ್ಮಲ್ಲಿ ಯಾರೂ ಬಿಟ್ಟು ಹೋಗೋ ಹಾಗಿಲ್ಲ ಎಂದರು. ಹತ್ತಿದೆ.

ಏರಿನಾಚೆಯ ತಿರುವಿನಲ್ಲಿ ಎಲ್ಲರೂ ಕಾಯುತ್ತಿದ್ದರು. ಚೈತ್ರ ನನ್ನ ಮುಖ ನೋಡದೆ, ಇವತ್ತು ಇಡ್ಲಿ ಬೇಡ, ನಮ್ಮೂರು ಇಲ್ಲೇ ಎರಡು ಕಿಲೋಮೀಟರ್, ನಮ್ಮನೆಗೆ ಹೋಗೋಣ ಎಂದಳು. ಎಲ್ಲರೂ ಖುಷಿಯಾದರು. ಅಪ್ಪನ ಮುಂದೆ ನನ್ನನ್ನು ನಿಲ್ಲಿಸಲು ಕರೆದುಕೊಂಡು ಹೋಗುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಆ ಎರಡು ಕಿಲೋಮೀಟರ್ ಮಣ್ಣು ರಸ್ತೆಯಲ್ಲಿ ನಾನು ಬೀಳಲಿಲ್ಲ. ಬಿದ್ದಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತಲೇ ಹೋದೆ.

ಮನೆ ಮುಂದೆ ನಾಲ್ಕು ಹಸು, ಒಂದು ಬಣವೆ, ಅಂಗಳದ ತುಂಬಾ ಒಣಹಾಕಿದ ಅವರೆಕಾಯಿ ಸಿಪ್ಪೆ. ಚೈತ್ರಳ ತಂದೆ ಮುನಿರಾಜಣ್ಣ ಹೆಗಲ ಮೇಲಿನ ಟವಲ್ ತೆಗೆದು ಜಗುಲಿ ಒರೆಸಿ, ಎಲ್ಲರನ್ನೂ ಕೂರಿಸಿದರು. ತಾಯಿ ಜಯಮ್ಮ ಟೀಗೆ ಹಾಲು ಇಡಲು ಒಳಗೆ ಹೋದರು. ಇವರೇ ನಮ್ಮ ಸೈನ್ಸ್ ಮಿಸ್ ಎಂದು ಚೈತ್ರ ಪರಿಚಯ ಮಾಡಿಕೊಟ್ಟಳು. ಮುನಿರಾಜಣ್ಣನ ಮುಖ ಅರಳಿತು. ಸೈಕಲ್ ಮೇಡಂ ಅಂದ್ರೆ ನೀವೇನಾ ಎಂದು, ತಾವು ಎಷ್ಟು ಜನಕ್ಕೆ ನನ್ನ ವಿಷಯ ಹೇಳಿದ್ದರೆಂದು ಲೆಕ್ಕ ಹೇಳತೊಡಗಿದರು. ತಮ್ಮನ ಮಗಳಿಗೆ ಸೈಕಲ್ ಬಂದಾಗ ಹೇಳಿದ್ದರಂತೆ, ಪಕ್ಕದ ಮನೆಯವರಿಗೂ ಹೇಳಿದ್ದರಂತೆ.

ಚೈತ್ರ ನನ್ನನ್ನೇ ನೋಡುತ್ತಿದ್ದಳು. ಅವಳು ಹೇಳುವುದಿಲ್ಲ ಎಂದು ಆಗ ಗೊತ್ತಾಯಿತು. ಹೇಳುವುದೂ ಬಿಡುವುದೂ ನನಗೇ ಬಿಟ್ಟದ್ದು. ಸುಮ್ಮನಿದ್ದಿದ್ದರೆ ಟೀ ಕುಡಿದು ಗೌರವದಿಂದ ಎದ್ದು ಬರಬಹುದಿತ್ತು.

ಹೇಳಿದೆ. ಜಯಮ್ಮ ಆಗತಾನೆ ತಂದುಕೊಟ್ಟ ಟೀ ಲೋಟ ಕೆಳಗಿಟ್ಟು, ಆವತ್ತು ನನಗೆ ಸೈಕಲ್ ಬರುತ್ತಿರಲಿಲ್ಲ, ನಿಮ್ಮ ಮಗಳು ಹೇಳಿದ್ದು ಸುಳ್ಳಲ್ಲ, ಅವಳಿಗೆ ನಾನು ಹೇಳಿದ್ದು ಸುಳ್ಳು ಎಂದೆ.

ಮುನಿರಾಜಣ್ಣ ಟವಲನ್ನು ಮಡಚಿದರು, ಬಿಚ್ಚಿದರು. ಅಂಗಳದಲ್ಲಿ ಒರಗಿಸಿದ್ದ ಹನ್ನೆರಡು ಸೈಕಲ್ಲುಗಳನ್ನು ನೋಡಿದರು. ಆಮೇಲೆ, "ಆವತ್ತು ನೀವು ಇಲ್ಲ ಅಂದಿದ್ರೆ ನಾನು ಕೊಟ್ಟುಬಿಡ್ತಿದ್ದೆ ಮೇಡಮ್ಮೋರೆ," ಎಂದರು. "ನಮ್ಮಣ್ಣನ ಮಗ ಅದನ್ನ ಮೂರು ತಿಂಗ್ಳಲ್ಲಿ ಮುರಿದು ಗುಜರಿಗೆ ಹಾಕ್ತಿದ್ದ. ಅದು ಅವನ ಗುಣ. ಈಗ ಹೆಂಗಿದ್ರೂ ಬಂದೈತಲ್ಲ ನಿಮ್ಗೆ?"

ಬಂದಿದೆ, ಹತ್ತಲು ಮಾತ್ರ ಬರುವುದಿಲ್ಲ ಎಂದೆ. ಜಗುಲಿಯ ತುಂಬಾ ನಗು ಎದ್ದಿತು. ಚೈತ್ರಳೂ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡು, ಹತ್ತುವುದನ್ನು ನಾನು ಕಲಿಸಿಕೊಡುತ್ತೇನೆ ಮಿಸ್ ಎಂದಳು. ಹತ್ತು ನಿಮಿಷದಲ್ಲಿ ಕಲಿಸಿಯೂ ಬಿಟ್ಟಳು. ಅವಳು ಒಳ್ಳೆಯ ಮೇಡಂ ಆಗುತ್ತಿದ್ದಳು.

ನಾವು ಹೊರಡುವಾಗ ಜಯಮ್ಮ ನನ್ನ ಸೈಕಲ್ಲಿನ ಹತ್ತಿರ ಬಂದು ನಿಂತರು. ಕ್ಯಾರಿಯರನ್ನು ಒತ್ತಿ ನೋಡಿದರು. ಇದರ ಮೇಲೆ ಹಾಲಿನ ಕ್ಯಾನು ನಿಲ್ಲುತ್ತದೆಯೇ ಎಂದು ಕೇಳಿದರು. ಡೈರಿ ಊರಿನ ಆ ತುದಿಯಲ್ಲಿದೆ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಕ್ಯಾನು ಹೊತ್ತು ನಡೆಯುವವರು ಅವರೇ. ಆಮೇಲೆ ದನಿ ತಗ್ಗಿಸಿ, "ನನ್ನಂತೋಳಿಗೂ ಬತ್ತದಾ ಮೇಡಂ?" ಎಂದರು.

ಈ ಪ್ರಶ್ನೆಗಾದರೂ ಸರಿಯಾಗಿ ಉತ್ತರ ಕೊಡಬೇಕೆಂದು ಒಂದು ಕ್ಷಣ ಯೋಚಿಸಿದೆ. "ಬೀಳ್ತೀರಿ ಜಯಮ್ಮ. ಒಂದು ತಿಂಗಳು ಚೆನ್ನಾಗಿ ಬೀಳ್ತೀರಿ. ಆಮೇಲೆ ಬರುತ್ತೆ," ಎಂದೆ.

ನಾನು ಒಂದು ತಿಂಗಳು ಎಂದಾಗ ಅವರು ಬೆರಳು ಮಡಚಿದ್ದು ನನಗೆ ಕಂಡಿತು.

ಚೈತ್ರಳ ಹಳೆಯ ಸೈಕಲ್ ಅಟ್ಟದ ಮೇಲಿತ್ತಂತೆ. ಬಾಷಾ ಮುಂದಿನ ವಾರ ಬಂದು ಟೈರು, ಟ್ಯೂಬು, ಚೈನು ಎಲ್ಲ ಹೊಸದು ಹಾಕಿ ಕೊಟ್ಟರು. ಒಂದು ತಿಂಗಳಲ್ಲ, ಎರಡು ತಿಂಗಳಾಯಿತು. ಭಾನುವಾರಗಳಲ್ಲಿ ನಮ್ಮ ಬಳಗ ಎಲ್ಲಿಗೆ ಹೊರಟರೂ ದಾರಿ ಹೇಗೋ ಆ ಊರಿನ ಮೇಲೇ ಹಾದು ಹೋಗುತ್ತಿತ್ತು. ಜಯಮ್ಮ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡು ಬಣವೆಗೆ ಗುದ್ದಿದ್ದನ್ನು, ಗೊಬ್ಬರದ ಗುಂಡಿಗೆ ಇಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ಹಿಂದೆ ಕ್ಯಾರಿಯರ್ ಹಿಡಿದು ಓಡುತ್ತಿದ್ದವರು ಮುನಿರಾಜಣ್ಣ. ಊರಿನವರು ಕೇಳಿದರೆ, ಕಾಲಿಗೆ ವ್ಯಾಯಾಮ ಎನ್ನುತ್ತಿದ್ದರು.

ಕಳೆದ ಭಾನುವಾರ ಬೇಗ ಬನ್ನಿ ಎಂದು ಚೈತ್ರ ಗುಂಪಿನಲ್ಲಿ ಬರೆದಿದ್ದಳು. ಐದಕ್ಕೇ ಹೊರಟು, ಡೈರಿಗೆ ಹಾಲು ಹಾಕುವ ಹೊತ್ತಿಗೆ ಅಲ್ಲಿ ಸೇರಿದೆವು. ಬಾಗಿಲಲ್ಲಿ ಕ್ಯಾನು ಹಿಡಿದವರ ಸಾಲು ಆಗಲೇ ಇತ್ತು. ಊರಿನ ರಸ್ತೆಯ ಆ ತುದಿಯಿಂದ ಜಯಮ್ಮ ಒಬ್ಬರೇ ಬರುತ್ತಿದ್ದರು, ಸೈಕಲ್ ಮೇಲೆ, ಕುತ್ತಿಗೆ ನೆಟ್ಟಗೆ, ಕಣ್ಣು ನೇರ ಮುಂದೆ. ಕೋಳಿಗಳು ಪಕ್ಕಕ್ಕೆ ಹಾರಿದವು. ಸಾಲಿನಲ್ಲಿದ್ದವರು ಜಾಗ ಬಿಟ್ಟರು. ಜಯಮ್ಮ ಡೈರಿ ಬಾಗಿಲ ಮುಂದೆ ಬ್ರೇಕ್ ಹಿಡಿದು, ಬೀಳದೆ ಕಾಲೂರಿ ನಿಂತರು. ಒಳಗಿಂದ ಹಾಲು ಅಳೆಯುವವನು ತಲೆ ಹೊರಗೆ ಹಾಕಿ, ಹಾಲೆಲ್ಲಿ ಜಯಮ್ಮ ಎಂದು ಕೇಳಿದ.

ಜಯಮ್ಮ ಉಸಿರು ಸುಧಾರಿಸಿಕೊಂಡು ಹಿಂದಕ್ಕೆ ಕೈ ತೋರಿಸಿದರು. ಬಹಳ ದೂರದಲ್ಲಿ ಮುನಿರಾಜಣ್ಣ ಹೆಗಲ ಮೇಲೆ ಕ್ಯಾನು ಹೊತ್ತು, ಲುಂಗಿ ಎತ್ತಿ ಕಟ್ಟಿ, ನಿಧಾನವಾಗಿ ಬರುತ್ತಿದ್ದರು.

"ಬತ್ತಾ ಐತೆ," ಎಂದರು ಜಯಮ್ಮ. "ನಡ್ಕಂಡು ಬತ್ತಾ ಐತೆ."